ಮೂರನೇ ಮುಖ

ಶನಿವಾರ ಸಾಯಂಕಾಲ ಐದೂಮುಕ್ಕಾಲಿಗೆ, ಅಂದ್ರೆ ಊಟದ ಡಬ್ಬಿ ಬ್ಯಾಗಿಗೆ ಹಾಕಿ ಜಿಪ್ ಎಳೆದು ಇನ್ನೇನು ಎದ್ದೆ ಅನ್ನೋ ಹೊತ್ತಿಗೆ ಸರಿಯಾಗಿ, ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಬಂತು. "ಉದ್ಯೋಗ ತೃಪ್ತಿ ಸಮೀಕ್ಷೆ. ಎಲ್ಲರೂ ಇವತ್ತೇ ಕಡ್ಡಾಯವಾಗಿ ತುಂಬತಕ್ಕದ್ದು." ಕಡ್ಡಾಯದ ಎರಡೂ ಪಕ್ಕ ಕೆಂಪು ಬಣ್ಣದ ಆಶ್ಚರ್ಯಸೂಚಕ ಬೇರೆ. ನಿನಗೆ ತೃಪ್ತಿ ಇದ್ಯಾ ಇಲ್ವಾ ಹೇಳಿ ಆಮೇಲೆ ಮನೆಗೆ ಹೋಗು, ಹೇಳದೆ ಹೋದ್ಯೋ ಸೋಮವಾರ ನೋಡ್ಕೋತೀವಿ ಅನ್ನೋ ಧಾಟಿ.

ಒಟ್ಟು 22 ಪ್ರಶ್ನೆ. ಪ್ರತಿ ಪ್ರಶ್ನೆ ಕೆಳಗೂ ಐದೈದು ಮುಖ. ಮೊದಲನೇದು ಅಳ್ತಿರುತ್ತೆ, ಐದನೇದು ಮೂವತ್ತೆರಡೂ ಹಲ್ಲು ಬಿಟ್ಕೊಂಡಿರುತ್ತೆ, ಮಧ್ಯದ ಮೂರನೇದಕ್ಕೆ ಬಾಯಿ ಜಾಗದಲ್ಲಿ ಸ್ಕೇಲ್ ಇಟ್ಟು ಎಳೆದಂಗೆ ಒಂದು ಗೆರೆ ಅಷ್ಟೇ. ನಾನು ಅಕೌಂಟ್ಸಿಗೆ ಸೇರಿ ಹನ್ನೊಂದು ವರ್ಷ ಆಯ್ತು, ಈ ಫಾರಂ ಶುರುವಾದಾಗಿಂದ ಮೂರನೇ ಮುಖಾನೇ ಒತ್ತಿಕೊಂಡು ಬಂದಿದೀನಿ. ಸೋಮಾರಿತನಕ್ಕಲ್ಲ. ನೀವು ಬೆಳಿಗ್ಗೆ ಎಂಟಕ್ಕೆ ಹಾಸನದ ಬಸ್ ಸ್ಟ್ಯಾಂಡಲ್ಲಿ ನಿಂತು ನೋಡಿ, ನೂರಕ್ಕೆ ತೊಂಬತ್ತು ಜನರದ್ದು ಅದೇ ಮುಖ. ಅವರಿಗೆ ದುಃಖ ಏನಿಲ್ಲ, ಬೇಲೂರು ಬಸ್ ಬರಬೇಕು, ಸೀಟು ಸಿಗಬೇಕು, ಅಷ್ಟೇ. ನಮ್ಮೂರಲ್ಲೇ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ನಿಂತಿರೋ ಉಪಗ್ರಹಗಳು ಅತ್ತಿತ್ತ ಜರುಗದಂಗೆ ಹಗಲೂ ರಾತ್ರಿ ಕಾಯೋ ಜಾಗ, ಅಲ್ಲಿ ನೈಟ್ ಶಿಫ್ಟ್ ಮುಗಿಸ್ಕೊಂಡು ಹಾಲಿನ ಬೂತಿಗೆ ಬರೋರೊಬ್ಬರು ನಂಗೆ ಪರಿಚಯ. ಹೆಂಗಿದೆ ಸಾರ್ ಕೆಲಸ ಅಂದ್ರೆ "ಡ್ಯೂಟಿ" ಅಂತಾರೆ. ಅವರದ್ದೂ ಮೂರನೇ ಮುಖವೇ. ಆಕಾಶ ನೋಡ್ಕೊಳ್ಳೋರಿಗೇ ಅಷ್ಟು ಅಂದ್ಮೇಲೆ ಜಿಎಸ್‌ಟಿ ನೋಡ್ಕೊಳ್ಳೋ ನಾನು ಹಲ್ಲು ಬಿಡೋದು ಯಾವ ಸಂಪತ್ತಿಗೆ?

ಹೋದ ವರ್ಷ ಹಿಂಗೇ ಎಲ್ಲಾದಕ್ಕೂ ಮೂರು ಒತ್ತಿದ್ದೆ. ಹೆಸರು ಕೇಳಲ್ಲ, ಪೂರ್ತಿ ಗೌಪ್ಯ ಅಂತ ಮೇಲೇ ದಪ್ಪಕ್ಷರದಲ್ಲಿ ಬರೆದಿದ್ರು. ಮಂಗಳವಾರ ಕರೆದು ಕೂರಿಸಿ "ಸರ್, ನಿಮ್ದು ನ್ಯೂಟ್ರಲ್ ಅಂತ ಬಂದಿದೆ, ಮನೇಲಿ ಏನಾದ್ರೂ ತೊಂದ್ರೆನಾ?" ಅಂದ್ರು. ಮನೇಲಿ! ತಿಂಗಳಿಗೆ ನಾಕು ಶನಿವಾರ ಆರರವರೆಗೆ ಇಲ್ಲೇ ಇಟ್ಕೊಂಡು ತೊಂದರೆ ಹುಡುಕೋದು ನಮ್ಮನೇಲಿ.

ಅಷ್ಟಕ್ಕೂ ತೃಪ್ತಿ ಅನ್ನೋ ಪದಾನ ನಮ್ಮ ಕಡೆ ಕೆಲಸಕ್ಕೆ ಯಾರಾದ್ರೂ ಬಳಸಿದ್ದು ನೀವು ಕೇಳಿದೀರಾ? ಅದು ಊಟದ ಪದ. ಎಲೆ ಮಡಿಸಿದ ಮೇಲೆ "ತೃಪ್ತಿಯಾಯ್ತಾ?" ಅಂತ ಕೇಳ್ತಾರೆ, "ಭರ್ತಿ" ಅಂತ ಹೊಟ್ಟೆ ಸವರ್ಕೋತೀವಿ. ಪಕ್ಷಮಾಸದಲ್ಲಿ ಎಡೆ ಇಟ್ಟು ಕಾಗೆ ಮುಟ್ಟಿದ್ರೆ ಹಿರೀಕರಿಗೆ ತೃಪ್ತಿ. ಅಂದ್ರೆ ಒಂದೋ ಉಂಡಿರಬೇಕು, ಇಲ್ಲಾ ಸತ್ತಿರಬೇಕು. ಕೆಲಸದ ವಿಷಯಕ್ಕೆ ನಮ್ಮಲ್ಲಿ ಇರೋ ಪ್ರಶ್ನೆ "ಹೆಂಗ್ ನಡೀತಿದೆ?", ಉತ್ತರ "ನಡೀತಿದೆ". ಮುಗೀತು. 22 ಪ್ರಶ್ನೆ ಕೆಲಸ ಎರಡು ಪದದಲ್ಲಿ ಆಯ್ತು.

ಈ ಸಲದ ಫಾರಂ ಹಣೆ ಮೇಲೆ "ಕಾಯಕವೇ ಕೈಲಾಸ" ಅಂತ ಬೇರೆ ಹಾಕಿದ್ರು, ಕೆಳಗೆ ಬಸವಣ್ಣನ ಹೆಸರು. ನಮ್ಮ ಕ್ಯಾಶ್ ಕೌಂಟರ್ ಮೇಲೂ ಅದೇ ಬೋರ್ಡು, ಬಂಗಾರದ ಅಕ್ಷರ. ಆ ಮಾತು ಸಿಗೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಕಣ್ರೀ ಅಂತ ಎರಡು ಸಲ ಹೇಳಿದೀನಿ, ಯಾರೂ ಕಿವಿಗೆ ಹಾಕ್ಕೊಂಡಿಲ್ಲ, ಈಗ ಬಿಟ್ಟಿದೀನಿ. ಬಿಟ್ಟಿಲ್ಲ ನಿಜ ಹೇಳ್ಬೇಕಂದ್ರೆ. ಆ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದುಕೊಂಡು ಬರೋನು, ಅದೇ ಕಾಯಕ, ಒಂದಿನ ದಿನದ ಲೆಕ್ಕಕ್ಕಿಂತ ಜಾಸ್ತಿ ತಂದ, ಹೆಂಡತಿ ಲಕ್ಕಮ್ಮ ಒಳಗೂ ಸೇರಿಸ್ಕೊಳ್ಳಲಿಲ್ಲ ಆ ಅಕ್ಕಿನ. ಇಷ್ಟೊಂದರ ಆಸೆ ನಿಮಗ್ಯಾಕೆ, ಎಲ್ಲಿಂದ ತಂದ್ರೋ ಅಲ್ಲೇ ಸುರಿದು ಬನ್ನಿ ಅಂದ್ಲು. ಈಗ ಇದನ್ನ ಮಾರ್ಚ್ ಕೊನೆಗೆ ತಂದಿಟ್ಟು ನೋಡಿ. ಟಾರ್ಗೆಟ್ ನೂರಿಪ್ಪತ್ತು ಪರ್ಸೆಂಟ್ ಆಗಿದೆ, ಲಕ್ಕಮ್ಮ ಬಂದು ಆ ಇಪ್ಪತ್ತು ವಾಪಸ್ ಕೊಟ್ಟು ಬನ್ನಿ ಅಂತಾಳೆ. ನಮ್ಮ ಮ್ಯಾನೇಜರಿಗೆ ಗ್ಲೂಕೋಸ್ ಏರಿಸ್ಬೇಕಾಗುತ್ತೆ. ಅದಕ್ಕೇ ಬೋರ್ಡಿಗೆ ಎರಡೇ ಪದ ಸಾಕು ಅವರಿಗೆ.

ಆಯೋದು ಅಂದ ತಕ್ಷಣ ನಂಗೆ ನಮ್ಮ ದೊಡ್ಡಮ್ಮ ನೆನಪಾಗ್ತಾಳೆ, ಅದನ್ನ ಹೇಳ್ದೆ ಮುಂದಕ್ಕೆ ಹೋಗಕ್ಕಾಗಲ್ಲ, ಯಾಕಂದ್ರೆ 14ನೇ ಪ್ರಶ್ನೆ ಅಲ್ಲಿಗೇ ತಗೊಂಡೋಗುತ್ತೆ. "ಕೆಲಸದ ಹೊರಗೆ ನಿಮ್ಮ ಪ್ಯಾಶನ್ ಏನು?" ಹೋದ ವರ್ಷ ಬೆಂಗಳೂರಿಂದ ಟೈ ಕಟ್ಕೊಂಡು ಬಂದಿದ್ದ ಟ್ರೇನರ್ ಒಬ್ಬ ಅರ್ಧ ದಿನ ಕೂರಿಸಿ, ಕೆಲಸದಲ್ಲಿ ಸಂತೋಷ ಬೇಕಂದ್ರೆ ಮೊದಲು ಪ್ಯಾಶನ್ ಹುಡ್ಕೊಳ್ಳಿ ಅಂತ ಹೇಳಿಹೋದ. ನಾನು ಹುಡುಕಿದೆ. ಯೂಟ್ಯೂಬ್ ನೋಡಿ, ಮನೇಲೇ ಕಾಫಿ ಬೀಜ ಹುರಿಯೋದು ಅಂತ ತೀರ್ಮಾನ ಮಾಡಿ, ಮಾರ್ಕೆಟ್ ಕಡೆಯ ಒಂದು ಅಂಗಡೀಲಿ ಎರಡು ಕೆಜಿ ಹಸಿರು ಬೀಜ ತಂದೆ. "ಪಕ್ಕಾ ಪ್ಲಾಂಟೇಷನ್ ಎಎ ಸಾರ್, ಎಕ್ಸ್‌ಪೋರ್ಟ್ ಕ್ವಾಲಿಟಿ" ಅಂದ. ಪ್ಲಾಂಟೇಷನ್ ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ, ಎಎ ಅಂದ್ರೆ ಅದರಲ್ಲಿ ದಪ್ಪಕಾಳಿನ ದರ್ಜೆ. ನಮ್ಮೂರಲ್ಲಿ ಬನಿಯನ್ನಿಂದ ಹಿಡಿದು ಕಾಫಿವರೆಗೆ ಎಲ್ಲಾ ಎಕ್ಸ್‌ಪೋರ್ಟ್ ಕ್ವಾಲಿಟೀನೇ, ಆದ್ರೂ ಖುಷಿಯಾಯ್ತು. ಬಾಣಲೆಗೆ ಹಾಕಿ ಹುರಿದೆ. ಪಕ್ಕದ ಮನೆಯೋರು ಹೊಗೆ ನೋಡಿ ಬಕೆಟ್ ಹಿಡ್ಕೊಂಡು ಬಂದ್ರು. ಅರ್ಧ ಬೀಜ ಇದ್ದಿಲು, ಅರ್ಧ ಹಸಿ. ನಾನು ಬಾಣಲೆಗೆ ಬೈದೆ.

ಅದೇ ವಾರ ದೊಡ್ಡಮ್ಮ ಹಾಸನಾಂಬೆ ದರ್ಶನಕ್ಕೆ ಅಂತ ಬಂದ್ಲು. ಗುಡಿ ಬಾಗಿಲು ತೆಗೆಯೋದು ವರ್ಷಕ್ಕೊಂದೇ ಸಲ, ಕ್ಯೂ ಎಲ್ಲೆಲ್ಲಿಗೋ ಹೋಗಿರುತ್ತೆ, ಅಷ್ಟು ಹೊತ್ತು ನಿಂತು ಬಂದು ಕಾಲು ನೀಡಿ ಕೂತವಳ ಕಣ್ಣಿಗೆ ಅಡುಗೆ ಮನೆ ಕಟ್ಟೆ ಮೇಲಿನ ಚೀಲ ಬಿತ್ತು. ಇವಳು ಇಪ್ಪತ್ತೇಳು ವರ್ಷ ಕ್ಯೂರಿಂಗ್ ವರ್ಕ್ಸಲ್ಲಿ, ಅಂದ್ರೆ ಕಾಫಿ ಬೀಜದ ಸಿಪ್ಪೆ ಬಿಡಿಸಿ ದರ್ಜೆ ಮಾಡೋ ಕಾರ್ಖಾನೇಲಿ, ಬೀಜ ಆಯ್ದವಳು. ವರ್ಷಗಳನ್ನ ಕ್ಯಾಲೆಂಡರ್ ಲೆಕ್ಕದಲ್ಲಿ ಹೇಳೋದೇ ಇಲ್ಲ, "ಪೂಲ್ ಇದ್ದಾಗ", "ಪೂಲ್ ಹೋದ್ಮೇಲೆ" ಅಂತಾಳೆ. ಬೆಳೆದ ಕಾಫಿನೆಲ್ಲ ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕು ಅನ್ನೋ ಕಾಲ ಒಂದಿತ್ತಲ್ಲ, ತೊಂಬತ್ತರ ದಶಕದಲ್ಲಿ ಹೋಯ್ತು, ಅದು. ನಮ್ಮಪ್ಪನ ಮದುವೆ ಪೂಲ್ ಇದ್ದಾಗ, ನನ್ನ ಮದುವೆ ಪೂಲ್ ಹೋದ್ಮೇಲೆ.

"ಏನ್ಲಾ ಇದು?" ಅಂದ್ಲು. ಎಎ ದೊಡ್ಡಮ್ಮ ಅಂದೆ. ಮಾತಾಡ್ಲಿಲ್ಲ. ಸ್ಟೀಲ್ ತಟ್ಟೆ ತರಿಸಿ ಎರಡು ಹಿಡಿ ಸುರ್ಕೊಂಡ್ಲು, ಕಣ್ಣು ಟೀವಿ ಸೀರಿಯಲ್ ಮೇಲೆ. ಎಡಗೈ ಬೆರಳು ಬೀಜಾನ ಮುಂದಕ್ಕೆ ತಳ್ಳುತ್ತೆ, ಬಲಗೈ ಹೆಬ್ಬೆಟ್ಟು ತೋರುಬೆರಳು ಕೋಳಿ ಕಾಳು ಕುಕ್ಕಿದಂಗೆ ಟಕ್ ಟಕ್ ಅಂತ ಎತ್ತಿ ಪಕ್ಕಕ್ಕೆ ಹಾಕುತ್ತೆ. ಕೈ ಒಂದು ಸಲಾನೂ ನಿಲ್ಲಲ್ಲ, ಕಣ್ಣು ಒಂದು ಸಲಾನೂ ತಟ್ಟೆಗಿಳಿಯಲ್ಲ. ಸೀರಿಯಲಲ್ಲಿ ಸೊಸೆ ವಿಷದ ಪಾಯಸ ತರೋ ಹೊತ್ತಿಗೆ ತಟ್ಟೇಲಿ ಐದು ಗುಡ್ಡೆ. ಆಮೇಲೆ ಒಂದೊಂದನ್ನೇ ಬೆರಳಲ್ಲಿ ತೋರ್ಸಿದ್ಲು. ಇದು ಪಿಬಿ, ದುಂಡುಕಾಳು, ಹಣ್ಣಿಗೆ ಎರಡು ಬೀಜ ಇರೋ ಜಾಗದಲ್ಲಿ ಒಂದೇ ಬೆಳೆದಿರೋದು. ಇದು ಕರಿ, ಕಂದು. ಇದು ಬಿಟ್ಸು, ಚೂರು. ಇದು ಹುಳ ಕೊರೆದಿರೋದು, ತೂತು ನೋಡು ಸೂಜಿ ಚುಚ್ಚಿದಂಗೆ. ಕೊನೇಗೆ ತಟ್ಟೆ ಮೂಲೇಲಿದ್ದ ಎಲ್ಲಕ್ಕಿಂತ ಸಣ್ಣ ಗುಡ್ಡೆ ತೋರಿಸಿ "ಇಕಾ, ನಿನ್ನ ಎಎ" ಅಂದ್ಲು. ಆ ಎಎಲಿ ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದು, ಪ್ಲಾಂಟೇಷನ್ ಆದ್ರೆ ನೀಲಿ ಹಸಿರು ಇರ್ತದೆ, ಇದು ಅರಿಶಿನಕ್ಕೆ ತಿರುಗೈತೆ, ಚೆರ್ರಿ, ಹಣ್ಣಲ್ಲೇ ಒಣಗ್ಸಿದ್ದು, ಬೆರೆಸವ್ನೆ ಅಂತಾನೂ ಹೇಳಿದ್ಲು. ದಪ್ಪದ್ದು ಸಣ್ಣದ್ದು ಚೂರು ಎಲ್ಲಾ ಒಂದೇ ಬಾಣಲೆಗೆ ಹಾಕಿದ್ರೆ ಚೂರು ಮೊದಲು ಸೀಯದೆ ಇನ್ನೇನಾಗ್ತದೆ ಅಂದಾಗ ಬಾಣಲೆ ಕಡೆ ನೋಡಿ ನಂಗೆ ಪಾಪ ಅನ್ನಿಸ್ತು. ಎಷ್ಟು ಕೊಟ್ಟೆ ಅಂದ್ಲು. ಕೆಜಿಗೆ ನೂರು ರೂಪಾಯಿ ಕಮ್ಮಿ ಮಾಡಿ ಸುಳ್ಳು ಹೇಳ್ದೆ. ಆದ್ರೂ ಹಣೆ ಹಣೆ ಚಚ್ಕೊಂಡ್ಲು.

ಮಾರನೇ ದಿನ ಭಾನುವಾರ, ಐದು ಗುಡ್ಡೇನೂ ಐದು ಪೊಟ್ಟಣ ಕಟ್ಕೊಂಡು ನನ್ನನ್ನ ಎಳ್ಕೊಂಡೇ ಅಂಗಡಿಗೆ ಹೋದ್ಲು. ಬೇಡ ದೊಡ್ಡಮ್ಮ, ಮುನ್ನೂರು ನಾನೂರು ರೂಪಾಯಿ ವಿಷಯ ಅಂದೆ. "ದುಡ್ಡು ಯಾರ್ ಕೇಳಿದ್ರು" ಅಂದ್ಲು. ಅಂಗಡಿಯವನು ಮೊದ್ಲು ನಕ್ಕ. ಅಜ್ಜಿ, ಇದೆಲ್ಲ ನ್ಯಾಚುರಲ್ಲು, ಹಂಗೇ ಇರುತ್ತೆ ಅಂದ. ಇವಳು ಅವನ ಮುಂದಿದ್ದ ಮೂಟೆಗೇ ಕೈ ಹಾಕಿ ಒಂದು ಹಿಡಿ ತೆಗೆದು ಕೌಂಟರಿನ ಗಾಜಿನ ಮೇಲೆ ಹರಡಿ ಶುರು ಮಾಡಿದ್ಲು ನೋಡಿ. ಗಾಜಿನ ಮೇಲೆ ಬೀಜ ಸರಿಯೋ ಸದ್ದಿಗೆ ಒಳಗಿದ್ದ ಹುಡುಗ್ರೂ ಬಂದು ನಿಂತ್ರು. "ಬ್ಲ್ಯಾಕು, ಬ್ರೌನು, ಬಿಟ್ಸು. ಇದನ್ನ ಬಿಬಿಬಿ ಅಂತಾರೆ ಕಣಪ್ಪ, ಎಎ ಅನ್ನಕಿಲ್ಲ. ಎಬಿಸಿಡಿ ಬರಾಕಿಲ್ವಾ ನಿಂಗೆ?" ಇಬ್ಬರು ಗಿರಾಕಿ ಮೆಲ್ಲಗೆ ಜಾಗ ಖಾಲಿ ಮಾಡಿದ್ರು. ಮೂರನೆಯವನು, ಯಾರೋ ಬೆಂಗಳೂರಿನ ಟೂರಿಸ್ಟು, ಆಗ್ಲೇ ತಗೊಂಡಿದ್ದ ಪ್ಯಾಕೆಟ್ ಬಿಚ್ಚಿ ಇದೂ ನೋಡಿ ಅಜ್ಜಿ ಅಂತ ಮುಂದಿಟ್ಟ. ಅಂಗಡಿಯವನು ಟೀ ತರಿಸಿದ. ಮುನ್ನೂರು ವಾಪಸ್ ಕೊಟ್ಟ. ಮೇಲೆ ಕಾಲು ಕೆಜಿ ಚಿಕೋರಿ ಫ್ರೀ ಅಂದ, ಅದನ್ನ ಇವಳು ಬೆರಳ ತುದೀಲಿ ಅವನ ಕಡೆಗೇ ತಳ್ಳಿದ್ಲು, ಕರಿ ಬೀಜ ತಳ್ಳಿದಂಗೇ. ಟೀ ಮಾತ್ರ ಕುಡಿದ್ಲು. ಹೇಳೋದು ಮರ್ತೆ, ಜನ್ಮದಲ್ಲೇ ಕಾಫಿ ಕುಡಿಯಲ್ಲ ಇವಳು. ಪಿತ್ತ ಅಂತೆ.

ವಾಪಸ್ ಬರ್ತಾ ಮೆಣಸಿನಕಾಯಿ ಬೋಂಡ ಕೊಡ್ಸು ಅಂದ್ಲು, ಗಾಡಿ ಪಕ್ಕ ನಿಂತು ತಿಂದ್ವಿ. ನಂಗೋ ಟ್ರೇನರ್ ಮಾತು ತಲೇಲಿ ಕೊರೀತಿತ್ತು. ದೊಡ್ಡಮ್ಮ, ಆ ಕೆಲಸ ನಿಂಗೆ ಇಷ್ಟ ಇತ್ತಾ ಅಂತ ಕೇಳಿದೆ. "ಥೂ, ಯಾರಿಗಿಷ್ಟ ಆಯ್ತದೆ. ಧೂಳು. ಸೊಂಟ ಬಿದ್ದೋಗಿತ್ತು." ಮತ್ತೆ ಮಿಷಿನ್ ಬಂದಾಗ ಬೇಜಾರಾಯ್ತಾ ಅಂದೆ. ಈಗಿನ ಕಲರ್ ಸಾರ್ಟರಲ್ಲಿ ಬೀಜ ಜಾರಿ ಬೀಳ್ತಾ ಇದ್ದಂಗೆ ಕ್ಯಾಮೆರಾ ಬಣ್ಣ ನೋಡುತ್ತೆ, ಬೇಡದ್ದನ್ನ ಪುಸ್ ಅಂತ ಗಾಳಿ ಊದಿ ಆಚೆಗೆ ಹಾರಿಸುತ್ತೆ. "ಬಂದಿದ್ದು ಒಳ್ಳೇದೇ ಆಯ್ತು, ಇಲ್ಲಾಂದ್ರೆ ಕಣ್ಣೇ ಹೋಗ್ತಿತ್ತು" ಅಂದ್ಲು. ಬೋಂಡದ ತೊಟ್ಟು ಕಿತ್ತು ಬಿಸಾಕಿ ಒಂದು ಗಳಿಗೆ ಸುಮ್ನಿದ್ದು, "ಆದ್ರೆ ಅದು ತಿಳಿ ಕಂದು ಬೀಜನ ಬಿಟ್ಬಿಡ್ತಿತ್ತು ಕಣ್ಲಾ. ನಾನ್ ಬಿಡ್ತಿರ್ಲಿಲ್ಲ" ಅಂದ್ಲು. ಇದರಲ್ಲಿ ಏನೋ ಇದೆ, ಹಿಡ್ಕೋಬೇಕು ಅಂತ ನಾನು ಯೋಚನೆ ಮಾಡೋ ಅಷ್ಟರಲ್ಲಿ ಬೋಂಡದ ಖಾರ ನೆತ್ತಿಗೇರಿ ಕೆಮ್ಮು ಬಂತು, ಆಮೇಲೆ ಆಟೋ ಸಿಕ್ತು, ಹೋಯ್ತು.

ಇನ್ನು ಇಷ್ಟ ಇರೋ ಕೆಲಸಾನೇ ಮಾಡಿ ಅನ್ನೋರಿಗೆ ನಮ್ಮ ಚಿಕ್ಕಪ್ಪನ ಮಗನನ್ನ ತೋರಿಸ್ತೀನಿ. ಬೆಂಗಳೂರಿನ ಕಂಪ್ಯೂಟರ್ ಕೆಲಸ ಬಿಟ್ಟು ಸಕಲೇಶಪುರದ ಕಡೆ ಹೋಂಸ್ಟೇ ಮಾಡ್ದ, ನೆಮ್ಮದಿ ಬೇಕು ಅಂತ. ಈಗ ಶನಿವಾರ ಭಾನುವಾರ ಬಂದೋರೆಲ್ಲ "ನೀವು ಎಷ್ಟು ಲಕ್ಕಿ, ಎಷ್ಟು ಪೀಸ್‌ಫುಲ್" ಅಂತಾರೆ, ಇವನು ಅಕ್ಕಿರೊಟ್ಟಿ ತಟ್ಟೆ ಹಿಡ್ಕೊಂಡು ಹದಿನೈದು ಸಲ ಹೌದು ಹೌದು ಅನ್ಬೇಕು, ಹಿಂದುಗಡೆ ಪಂಪ್ ಕೆಟ್ಟಿರುತ್ತೆ, ತೋಟಕ್ಕೆ ಆನೆ ಬಂದಿರುತ್ತೆ. ಹೋಗ್ತಾ ಅವರು ಫೋನಲ್ಲಿ ನಕ್ಷತ್ರ ಕೊಡ್ತಾರೆ. ಒಬ್ಬ ಮಳೆ ಜಾಸ್ತಿ ಅಂತ ಎರಡು ಕಿತ್ಕೊಂಡ. ನಂಗೆ ವರ್ಷಕ್ಕೊಂದು ಸಲ ಐದು ಮುಖ, ಅವನಿಗೆ ವಾರವಾರ ಐದು ನಕ್ಷತ್ರ.

ಇಷ್ಟೆಲ್ಲಾ ಆಗೋ ಹೊತ್ತಿಗೆ ಆರೂಕಾಲು. ನಾನು 19ನೇ ಪ್ರಶ್ನೇಲಿದ್ದೆ, ಪ್ರಾಮಾಣಿಕವಾಗಿ ಮೂರು, ಮೂರು, ಮೂರು. ವಾಚ್‌ಮನ್ ಬೀಗದ ಗೊಂಚಲು ಆಡಿಸ್ಕೊಂಡು ಬಂದು ಪಕ್ಕದಲ್ಲಿ ನಿಂತ. ನೀನು ತುಂಬಿದ್ಯೇನಯ್ಯ ಅಂದೆ. ಏನು ಸಾರ್ ಅಂದ. ಅವನು ಏಜೆನ್ಸಿಯವನು, ಗ್ರೂಪಲ್ಲಿಲ್ಲ. ಕಸ ಗುಡಿಸೋ ಅಮ್ಮನೂ ಇಲ್ಲ. ಅವರ ತೃಪ್ತಿ ಯಾರಿಗೂ ಬೇಕಾಗಿಲ್ಲ ಅಂತ ಕಾಣುತ್ತೆ, ಅಥವಾ ಅವರದ್ದು ಕೇಳಿದ್ರೆ ಮುಖಗಳು ಐದು ಸಾಕಾಗಲ್ಲ ಅಂತಾನೋ. ಫೋನ್ ತೋರಿಸ್ದೆ. ಬಗ್ಗಿ ನೋಡಿ "ಆ ಕಡೇದು ಒತ್ತಿ ಸಾರ್, ಹಲ್ಲಿಂದು, ಬೇಗ ಮುಗೀತದೆ" ಅಂತ ಹೇಳಿ ಆ ತುದಿಯಿಂದ ಒಂದೊಂದೇ ಲೈಟ್ ಆರಿಸ್ತಾ ಬಂದ.

ಕಟ್ಟಕಡೇ ಪ್ರಶ್ನೆ: "ಈ ಸಮೀಕ್ಷೆ ತುಂಬಿದ್ದು ನಿಮಗೆ ತೃಪ್ತಿ ನೀಡಿದೆಯೇ?" ಅದಕ್ಕೂ ಮೂರು ಒತ್ತಿ ಸಬ್ಮಿಟ್ ಕೊಟ್ಟೆ. ಚಕ್ರ ಸುತ್ತಿತು, ಸುತ್ತಿತು, ಆಮೇಲೆ "ನಿಮ್ಮ ಸೆಷನ್ ಮುಗಿದಿದೆ, ದಯವಿಟ್ಟು ಮೊದಲಿನಿಂದ ಪ್ರಾರಂಭಿಸಿ" ಅಂತ ಬಂತು. ಅಷ್ಟೊತ್ತಿಗೆ ನನ್ನ ತಲೆ ಮೇಲಿನ ಲೈಟೂ ಹೋಯ್ತು. ಕತ್ತಲಲ್ಲಿ ನಿಂತ್ಕೊಂಡೇ, ಒಂದು ಪ್ರಶ್ನೇನೂ ಓದದೆ, ನಲವತ್ತು ಸೆಕೆಂಡಲ್ಲಿ ಇಪ್ಪತ್ತೆರಡಕ್ಕೂ ಹಲ್ಲಿನ ಮುಖ ಒತ್ತಿ ಕಳಿಸ್ದೆ. ಮೆಟ್ಟಿಲಿಳಿಯೋವಾಗ ನೆನಪಾಯ್ತು, ಅದರಲ್ಲಿ 9ನೇದು "ಕೆಲಸದ ಒತ್ತಡದಿಂದ ನಿಮ್ಮ ಆರೋಗ್ಯ ಕೆಟ್ಟಿದೆಯೇ?", 17ನೇದು "ಕೆಲಸ ಬಿಡುವ ಯೋಚನೆ ಎಷ್ಟು ಸಲ ಬರುತ್ತದೆ?" ಎರಡಕ್ಕೂ ಮೂವತ್ತೆರಡು ಹಲ್ಲು. ಮಂಗಳವಾರ ಮತ್ತೆ ಕರೀತಾರೆ.