ವಿದೇಶಿ ವಿಶ್ವವಿದ್ಯಾಲಯ ಬೆಂಗಳೂರಿಗೆ ಬರುವುದು ಯಾವ ಉದ್ದೇಶಕ್ಕೆ?

ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು 2025ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಒಪ್ಪಿಗೆ ಸಿಕ್ಕಾಗಿನಿಂದ ಚರ್ಚೆಯೆಲ್ಲ ಶುಲ್ಕ ಎಷ್ಟು, ರ್‍ಯಾಂಕಿಂಗ್ ಎಷ್ಟನೆಯದು, ಓದಿದವರಿಗೆ ಕೆಲಸ ಸಿಕ್ಕೀತೇ ಎಂಬಲ್ಲಿಗೇ ಬಂದು ನಿಲ್ಲುತ್ತಿದೆ. ಸಾಲ ಮಾಡಿ ಮಕ್ಕಳನ್ನು ಓದಿಸುವ ತಂದೆತಾಯಿ ಹೀಗೆ ಕೇಳುವುದು ಸಹಜ. ಆದರೆ ಸರ್ಕಾರವೂ ಇಷ್ಟನ್ನೇ ಕೇಳಿ ಸುಮ್ಮನಾದರೆ, ಉನ್ನತ ಶಿಕ್ಷಣ ಗಡಿ ದಾಟಬೇಕಾದದ್ದು ಯಾತಕ್ಕಾಗಿ ಎಂದು ವಿಚಾರಿಸುವವರೇ ಇಲ್ಲದಂತಾಗುತ್ತದೆ.

ಏಷ್ಯಾದ ದೇಶಗಳ ಅಭಿವೃದ್ಧಿಗೆ ನೆರವಾಗಲೆಂದು 1951ರಲ್ಲಿ ಜಾರಿಗೆ ಬಂದ ಕೊಲಂಬೊ ಯೋಜನೆಯಡಿ ಏಷ್ಯಾದ ಸಾವಿರಾರು ವಿದ್ಯಾರ್ಥಿಗಳು ವಿದ್ಯಾರ್ಥಿವೇತನ ಪಡೆದು ಆಸ್ಟ್ರೇಲಿಯಾದಲ್ಲಿ ಓದಿದರು. ಅದರ ಹಿಂದೆ ಶೀತಲ ಸಮರದ ಲೆಕ್ಕಾಚಾರವೂ ಇತ್ತು, ನಿಜ; ಆದರೂ ಆ ವ್ಯವಸ್ಥೆ ವಿದ್ಯಾರ್ಥಿಯನ್ನು ವರಮಾನದ ಮೂಲವೆಂದು ಎಣಿಸಲಿಲ್ಲ. 1980ರಲ್ಲಿ ಬ್ರಿಟನ್, ಅದೇ ದಶಕದ ನಡುವಿನಲ್ಲಿ ಆಸ್ಟ್ರೇಲಿಯಾ, ಹೊರದೇಶದವರಿಂದ ಪೂರ್ಣ ವೆಚ್ಚದ ಶುಲ್ಕ ಪಡೆಯುವ ದಾರಿ ಹಿಡಿದವು. ಇಂದು ಆ ದೇಶಗಳ ಎಷ್ಟೋ ವಿಶ್ವವಿದ್ಯಾಲಯಗಳು ತಮ್ಮ ಖರ್ಚು ತೂಗಿಸಲು ಈ ಹಣವನ್ನೇ ನೆಚ್ಚಿಕೊಂಡಿವೆ. ಹಣವೇ ಆಧಾರವಾದಾಗ ಏನಾಗುತ್ತದೆಂಬುದನ್ನು ಸಿಂಗಪುರ ಕಂಡಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ 2007ರಲ್ಲಿ ಅಲ್ಲಿ ಆರಂಭಿಸಿದ ಕ್ಯಾಂಪಸ್ಸನ್ನು, ನಿರೀಕ್ಷಿಸಿದಷ್ಟು ವಿದ್ಯಾರ್ಥಿಗಳು ಸೇರಲಿಲ್ಲವೆಂಬ ಕಾರಣಕ್ಕೆ ಕೆಲವೇ ತಿಂಗಳಲ್ಲಿ ಮುಚ್ಚಿತು.

ವಿದೇಶಿ ಕ್ಯಾಂಪಸ್‌ಗಳ ಕುರಿತ ನಮ್ಮ 2023ರ ಯುಜಿಸಿ ನಿಯಮಾವಳಿ ಪ್ರವೇಶದ ಮಾನದಂಡವನ್ನೂ ಶುಲ್ಕವನ್ನೂ ನಿರ್ಧರಿಸುವ ಅಧಿಕಾರವನ್ನು ಬರುವ ಸಂಸ್ಥೆಗೇ ಬಿಟ್ಟಿದೆ. ಶುಲ್ಕ ಪಾರದರ್ಶಕವಾಗಿರಬೇಕು, ಸಮಂಜಸವಾಗಿರಬೇಕು ಎನ್ನುತ್ತದೆ. ವಿದ್ಯಾರ್ಥಿವೇತನ ಕೊಡುವುದನ್ನು ಮಾತ್ರ ಕಡ್ಡಾಯ ಮಾಡಿಲ್ಲ. ನನಗೆ ಅತ್ಯಂತ ಕಳವಳ ತಂದದ್ದು ಇದೇ. ರಾಯಚೂರಿನ ಸರ್ಕಾರಿ ಕಾಲೇಜಿನಲ್ಲಿ ಚೆನ್ನಾಗಿ ಓದಿದ ಬಡವರ ಮನೆಯ ಹುಡುಗಿಗೆ ಲಿವರ್‌ಪೂಲ್ ಎಷ್ಟು ದೂರವೋ, ಬೆಂಗಳೂರಿನ ಆ ಕ್ಯಾಂಪಸ್ಸೂ ಅಷ್ಟೇ ದೂರ ಉಳಿದೀತು.

ಹೊರಗಿನವರನ್ನಷ್ಟೇ ಪ್ರಶ್ನಿಸಿದರೂ ಸಾಲದು. ಹೊರದೇಶದ ವಿದ್ಯಾರ್ಥಿಗಳನ್ನು ಸೆಳೆಯಲು ಕೇಂದ್ರ ಸರ್ಕಾರ 2018ರಲ್ಲಿ ‘ಸ್ಟಡಿ ಇನ್ ಇಂಡಿಯಾ’ ಆರಂಭಿಸಿತು. ಅದಕ್ಕೂ ಎರಡು ವರ್ಷ ಮೊದಲು, 2016ರ ಜನವರಿ ಕೊನೆಯಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವ್ಯಕ್ತಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತಾಗ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತ್ತು. ಆಫ್ರಿಕಾದಿಂದ ಓದಲು ಬಂದವರಿಗೆ ಬಾಡಿಗೆ ಮನೆ ಸಿಗುವುದು ಇಂದಿಗೂ ಸುಲಭವಲ್ಲ. ಅವರ ಶುಲ್ಕ ಪಡೆಯುವ ಕಾಲೇಜುಗಳು ಅವರ ಸುರಕ್ಷತೆಗೂ ಗೌರವಕ್ಕೂ ಹೊಣೆಯಾಗಬೇಡವೇ?

ವಿದೇಶಿ ಕ್ಯಾಂಪಸ್ ಬೇಡವೆಂಬುದು ನನ್ನ ವಾದವಲ್ಲ. ಬರಲಿ, ಆದರೆ ಇಲ್ಲಿನ ಕಷ್ಟಗಳನ್ನೂ ಸಂಶೋಧನೆಯ ವಿಷಯವಾಗಿ ಕೈಗೆತ್ತಿಕೊಳ್ಳಲಿ. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳನ್ನು ಸೇರುತ್ತಿದೆ. ಅದು ಅಂತರ್ಜಲಕ್ಕೆ ಏನು ಮಾಡುತ್ತಿದೆ ಎಂಬುದನ್ನು ಕೋಲಾರದ ಕಾಲೇಜುಗಳ ಅಧ್ಯಾಪಕರನ್ನು ಜೊತೆಗಿಟ್ಟುಕೊಂಡು ಅಧ್ಯಯನ ಮಾಡಬಹುದಲ್ಲ? ರಾಜ್ಯ ಸರ್ಕಾರ ಈ ಸಂಸ್ಥೆಗಳಿಗೆ ಯಾವುದೇ ಸೌಲಭ್ಯ ಕೊಡುವುದಾದರೆ, ಇಂಥ ಜಂಟಿ ಸಂಶೋಧನೆಯನ್ನೂ ಸರ್ಕಾರಿ ಕಾಲೇಜುಗಳ ಬಡ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಒಂದಿಷ್ಟು ಸೀಟುಗಳನ್ನೂ ಒಪ್ಪಂದದಲ್ಲಿ ಬರೆಸಿಕೊಂಡು, ಆ ಒಪ್ಪಂದವನ್ನು ಸಾರ್ವಜನಿಕರ ಮುಂದಿಡಬೇಕು.