ಬೊಚ್ಚುಬಾಯಿ ತಾತ ಬೇಕಾಗಿದ್ದಾರೆ

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಅಕ್ಕನ ಮಗಳ ಫೋನು. ಹಲೋ ಇಲ್ಲ, ಹೆಂಗಿದ್ದೀರಾ ಇಲ್ಲ, ಡೈರೆಕ್ಟಾಗಿ "ಮಾವ, ಊರಲ್ಲಿರೋ ಚಿಕ್ಕತಾತನಿಗೆ ಎಷ್ಟು ಹಲ್ಲಿದೆ?" ಅಂದ್ಲು. ಒಂದೂ ಇಲ್ಲ ಕಣೆ, ಪೂರ್ತಿ ಬೊಚ್ಚು ಅಂದೆ. ಆ ಕಡೆಯಿಂದ ಒಂದು ಕಿರುಚಾಟ ಬಂತು ನೋಡಿ, ನೀಟ್ ರಿಸಲ್ಟ್ ಬಂದ ದಿನ ಕೂಡ ಅವಳು ಹಂಗೆ ಕಿರುಚಿರಲಿಲ್ಲ, ಆವತ್ತು ಅತ್ತಿದ್ಲು, ಅದಕ್ಕೇ ಬಿಡಿಎಸ್ ಸೇರಿದ್ದು. "ಮೇಲೂ ಇಲ್ಲ ಕೆಳಗೂ ಇಲ್ಲ ತಾನೆ? ಬೇರು ಗೀರು ಏನೂ ಉಳಿದಿಲ್ವಾ? ರಿಡ್ಜ್ ಚೆನ್ನಾಗಿದ್ಯಾ? ಅದೇ ಮಾವ, ಬದು, ಬದು!" ಹೋದ ಮಳೇಲಿ ಒಂಚೂರು ಕುಸಿದಿತ್ತು, ಆಳು ಕರೆಸಿ ಕಟ್ಟಿಸಿದ್ದಾರೆ ಅಂದೆ. ಅವಳು ಕೇಳಿದ್ದು ಒಸಡಿನ ಬದು ಅಂತ ಆಮೇಲೆ ಗೊತ್ತಾಯ್ತು.

ಹುಡುಗಿ ಮೈಸೂರಿನ ಒಂದು ಡೆಂಟಲ್ ಕಾಲೇಜಲ್ಲಿ ಫೈನಲ್ ಇಯರು. ಕಾಲೇಜಿನ ಹೆಸರು ಬೇಡ, ಅವಳಿನ್ನೂ ಪಾಸಾಗಬೇಕು. ನಾವೆಲ್ಲ ಏನಂದ್ಕೊಂಡಿರ್ತೀವಿ, ಹಲ್ಲು ಡಾಕ್ಟರ್ ಓದೋದು ಅಂದ್ರೆ ಪುಸ್ತಕ ಓದೋದು, ಎಕ್ಸಾಮ್ ಬರೆಯೋದು ಅಂತ. ಅದು ಅರ್ಧ ಮಾತ್ರ. ಇನ್ನರ್ಧ ಗಿರಾಕಿ ಹುಡುಕೋದು. ಇಷ್ಟು ಹಲ್ಲು ಕೀಳಬೇಕು, ಇಷ್ಟು ಹುಳುಕು ತುಂಬಬೇಕು, ಇಷ್ಟು ಬಾಯಿ ಕ್ಲೀನ್ ಮಾಡಬೇಕು, ಇಷ್ಟು ಫುಲ್ ಸೆಟ್ ಕಟ್ಟಬೇಕು ಅಂತ ಕೋಟಾ ಇರುತ್ತೆ, ಪ್ರತಿಯೊಂದಕ್ಕೂ ಮೇಡಂ ಸೈನ್ ಬೀಳಬೇಕು. ಕೀಳೋದಕ್ಕೆ ಕ್ಲೀನ್ ಮಾಡೋದಕ್ಕೆ ಜನ ಹೆಂಗೋ ಸಿಗ್ತಾರೆ, ಕಷ್ಟ ಇರೋದು ಫುಲ್ ಸೆಟ್ಟಿಗೆ, ಯಾಕಂದ್ರೆ ಅದಕ್ಕೆ ಮೇಲೆ ಕೆಳಗೆ ಒಂದೇ ಒಂದು ಹಲ್ಲೂ ಇರಬಾರದು, ಮೂಲೇಲಿ ಒಂದೇ ಒಂದು ದವಡೆ ಹಲ್ಲು ಅಲ್ಲಾಡ್ತಾ ನಿಂತಿದ್ರೂ ಆ ಅಜ್ಜಿ ರಿಜೆಕ್ಟು.

ಹಿಂಗಾಗಿ ಒಂದಿಡೀ ಬ್ಯಾಚು, ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ಹುಡುಗ ಹುಡುಗೀರು, ದೇವರಾಜ ಮಾರ್ಕೆಟ್ಟು, ಸಬರ್ಬ್ ಬಸ್ ಸ್ಟ್ಯಾಂಡು, ಚಾಮುಂಡಿಬೆಟ್ಟದ ಮೆಟ್ಟಿಲು ಎಲ್ಲಾ ಕಡೆ ಮುದುಕರ ಬಾಯಿ ನೋಡ್ಕೊಂಡು ಓಡಾಡ್ತಾ ಇರ್ತಾರೆ. ಯಾರಾದ್ರೂ ವಯಸ್ಸಾದವರು ಆಕಳಿಸಿದ್ರೆ ಮುಗೀತು. ನಮ್ಮ ಹುಡುಗಿಯ ಫ್ರೆಂಡ್ ಒಬ್ಬ ಮದುವೆ ಮನೇಲಿ ಊಟಕ್ಕೆ ಕೂತವನು ಎಲೆ ಬಿಟ್ಟು ಎದ್ದು ಹೋಗಿ ಎದುರು ಪಂಕ್ತಿಯ ಅಜ್ಜಿಯ ಫೋನ್ ನಂಬರ್ ಇಸ್ಕೊಂಡ್ನಂತೆ, ಅವರ ಮಗ ಬಂದು ಏನಪ್ಪಾ ನಿನ್ನ ಪ್ರಾಬ್ಲಮ್ಮು ಅಂತ ಕೇಳೋವರೆಗೂ ಹೋಯ್ತಂತೆ ವಿಷಯ. ಇನ್ನೊಂದು, 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾತಂದಿರ ಮಾರ್ಕೆಟ್ ಸ್ವಲ್ಪ ಬಿದ್ದಿದೆ. ಅಜ್ಜಿಯರಿಗೆ ಬಸ್ಸು ಫ್ರೀ, ಸ್ಟೂಡೆಂಟಿಗೆ ಚಾರ್ಜ್ ಉಳೀತು. ತಾತನಾದ್ರೆ ಹೋಗ್ತಾ ಬರ್ತಾ ಬಸ್ ಚಾರ್ಜು, ಟಿಫನ್ನು, ಬೀಡಿ ಖರ್ಚು ಎಲ್ಲಾ ಸ್ಟೂಡೆಂಟ್ ತಲೆ ಮೇಲೇನೇ.

ಆದ್ರೂ ನಮ್ಮ ತಾತನ್ನ ಒಪ್ಪಿಸೋದು ಸುಲಭ ಇರಲಿಲ್ಲ. ಪಾಂಡವಪುರದ ಹತ್ರ ನಮ್ಮೂರು. ಐವತ್ತು ವರ್ಷದವರೆಗೂ ಕಬ್ಬಿನ ಜಲ್ಲೆನ ಹಲ್ಲಲ್ಲೇ ಸಿಗಿದು ತಿಂದೋರು, ಆಮೇಲೆ ಹೊಗೆಸೊಪ್ಪು ಒಂದು ಕಡೆಯಿಂದ ಒಸಡು ಕೆಟ್ಟಿದ್ದು ಒಂದು ಕಡೆಯಿಂದ ಸೇರಿ ಒಂದೊಂದೇ ಉದುರಿಸಿಬಿಡ್ತು. ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಗುತ್ತೆ ಅಂತ ಯಾರೋ ಹೇಳಿದ್ರು ಅಂತ ಒಂದನ್ನೂ ಡಾಕ್ಟರ್ ಹತ್ರ ಕೀಳಿಸಲಿಲ್ಲ, ಎಲ್ಲಾ ತಾವೇ ದಾರ ಕಟ್ಟಿ ಎಳ್ಕೊಂಡಿದ್ದು. ವಿಷಯ ಹೇಳಿದ್ದಕ್ಕೆ "ಹಲ್ಲು ಯಾಕ್ಲಾ ನಂಗೆ? ಮುದ್ದೆ ನುಂಗದು, ಸಾರು ಕುಡಿಯದು. ಮಧ್ಯ ಹಲ್ಗೇನ್ಲಾ ಕೆಲ್ಸ?" ಅಂದ್ರು. ಇದಕ್ಕೆ ಯಾವ ಡೆಂಟಿಸ್ಟ್ ಹತ್ರಾನೂ ಉತ್ತರ ಇಲ್ಲ. ಮುದ್ದೆ ಅಗಿದು ತಿನ್ನೋನನ್ನ ಮಂಡ್ಯ ಜಿಲ್ಲೇಲಿ ಯಾರು ತಾನೆ ಮನುಷ್ಯ ಅಂತ ಲೆಕ್ಕಕ್ಕೆ ಇಟ್ಕೋತಾರೆ. ಕೊನೆಗೆ ಹೋಗಿ ಬಂದ ದಿನಕ್ಕೆಲ್ಲಾ ಮಸಾಲೆ ದೋಸೆ ಅಂತ ಮಾತಾಯ್ತು, ಮೆತ್ತಗಿರೋದು, ಗರಿಗರಿ ಬೇಡ ಅಂತ ಕಂಡೀಷನ್ ಮೇಲೆ.

ಒಂದು ಸೆಟ್ಟಿಗೆ ಐದಾರು ಸಲ ಹೋಗಬೇಕು. ಮೊದಲು ಅಚ್ಚು ತೆಗೀತಾರೆ, ಆ ಅಚ್ಚಿನ ಮೇಲೆ ಈ ಬಾಯಿಗೇ ಅಂತ ಒಂದು ಟ್ರೇ ಮಾಡ್ತಾರೆ, ಆಮೇಲೆ ಗ್ರೀನ್ ಸ್ಟಿಕ್ ಅಂತ ಹಸಿರು ಕಡ್ಡಿನ ಬೆಂಕೀಲಿ ಮೆತ್ತಗೆ ಮಾಡಿ ಟ್ರೇ ಅಂಚಿಗೆಲ್ಲಾ ಹಚ್ಚಿ ಕೆನ್ನೆ ಎಳೆದು ತುಟಿ ಎಳೆದು ಕೂರಿಸ್ತಾರೆ, ಆಮೇಲೆ ಲವಂಗದ ಎಣ್ಣೆ ವಾಸನೆ ಬರೋ ಪೇಸ್ಟಲ್ಲಿ ಇನ್ನೊಂದು ಅಚ್ಚು. "ಬಾಯಲ್ಲಿ ಬಿರಿಯಾನಿ ಮಸಾಲೆ ಅರ್ದಂಗಾಯ್ತದೆ" ಅಂತ ತಾತ. ಮಜಾ ಇದ್ದಿದ್ದು ದವಡೆ ಅಳತೆ ತಗೊಳೋ ದಿನ. ಮೇಣದ ದಿಂಡು ಬಾಯಲ್ಲಿಟ್ಟು, ಮೂಗಿನ ತುದಿಗೊಂದು ಗಲ್ಲಕ್ಕೊಂದು ಚುಕ್ಕೆ ಇಟ್ಟು, ತುಟಿ ತಾನಾಗೇ ಸೇರಬೇಕು ಅಂತ 'ಮ' ಬರೋ ಮಾತು ಹೇಳಿಸ್ತಾರೆ. ಆವತ್ತು ನಿಂತಿದ್ದ ಪಿಜಿ ಹುಡುಗ ಹೊರಗಿನ ರಾಜ್ಯದೋನು, ಅವನಿಗೆ ಬರೋ ಕನ್ನಡ ಮೂರೇ, ಬಾಯಿ ಬಿಡಿ, ಉಗೀರಿ, ನಾಳೆ ಬನ್ನಿ. ಅವನು "ತಾತಾ, ಮ್ಮ್ಮ್... ಮ್ಮ್ಮ್" ಅಂತಿದ್ದಾನೆ, ತಾತ ಇವನ್ಯಾಕೆ ಎಮ್ಮೆ ಕರು ಥರ ಆಡ್ತಾವ್ನೆ ಅಂತ ನನ್ನ ಮುಖ ನೋಡ್ತಾರೆ. ಮ ಅಕ್ಷರದ್ದು ಏನಾದ್ರೂ ಹೇಳಿ ಅಂತ ನಾನೇ ಹೇಳಿದ್ದಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಮೈಸೂರು ಅಂತ ಒಂದೇ ಉಸಿರಲ್ಲಿ ಬಸ್ ಕಂಡಕ್ಟರ್ ಥರ ಒದರಿದ್ರು. ಹುಡುಗ ಸ್ಕೇಲ್ ಹಿಡ್ಕೊಂಡು ಪರ್ಫೆಕ್ಟ್ ಅಂದ.

ಈ ಮಕ್ಕಳ ಬಗ್ಗೆ ನಗಾಡಿದ್ರೂ ಪಾಪ ಅನ್ಸುತ್ತೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ಪು. ಫಸ್ಟ್ ಇಯರಲ್ಲಿ ಮೇಣದ ತುಂಡಲ್ಲಿ ಹಲ್ಲು ಕೆತ್ತೋದು, ರಾತ್ರಿ ಎರಡು ಗಂಟೆವರೆಗೆ, ಬೆಳಗ್ಗೆ ಸರ್ ಬಂದು ಇದು ಹಲ್ಲಾ ಕಡಲೆಬೀಜಾನಾ ಅಂತ ಮುರಿದು ಬಿಸಾಕೋದು. ಆಮೇಲೆ ಪ್ರಾಕ್ಟೀಸಿಗೆ ನಿಜವಾದ ಹಲ್ಲು ಬೇಕು ಅಂತ ಬಾಟ್ಲಿ ಹಿಡ್ಕೊಂಡು ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ, ಸರ್ ಕಿತ್ತಿರೋ ಹಲ್ಲಿದ್ರೆ ಕೊಡಿ ಅಂತ ಭಿಕ್ಷೆ. ನಮ್ಮಕ್ಕ ಒಂದಿನ ಅಡುಗೆಮನೆ ಶೆಲ್ಫಲ್ಲಿ ಹೊಸ ಉಪ್ಪಿನಕಾಯಿ ಬಾಟ್ಲಿ ಅಂತ ಮುಚ್ಚಳ ತೆಗೆದು, ಆವತ್ತಿಂದ ಉಪ್ಪಿನಕಾಯಿ ತಿನ್ನೋದು ಬಿಟ್ಟಿದ್ದಾಳೆ.

ಇಷ್ಟೆಲ್ಲಾ ಮಾಡಿ ಹೊರಗೆ ಬಂದ್ರೆ ನೆಂಟರು ಕೇಳೋ ಮೊದಲನೇ ಪ್ರಶ್ನೆ, "ಬರೀ ಹಲ್ಲು ಡಾಕ್ಟ್ರಾ? ಯಾಕೆ, ಎಂಬಿಬಿಎಸ್ ಸಿಗಲಿಲ್ವಾ?" ಅದಕ್ಕೇ ಮುಂದೆ ಎಂಡಿಎಸ್ಸು, ಇನ್ನೂ ಮೂರು ವರ್ಷ. ಇಲ್ಲಿ ನೋಡಿ ನಮ್ಮ ಮಂಡ್ಯದೋರಿಗೆ ಚೆನ್ನಾಗಿ ಅರ್ಥ ಆಗೋ ವ್ಯವಹಾರ ಇರೋದು. ಒಂದು ಬಾಯಿನ ಒಂಬತ್ತು ಜನ ಭಾಗ ಮಾಡ್ಕೊಂಡಿದ್ದಾರೆ, ಥೇಟ್ ಅಣ್ತಮ್ಮಂದಿರ ಗದ್ದೆ ಥರ. ಒಸಡು ಪೆರಿಯೋದೋರ ಪಾಲಿಗೆ, ಹಲ್ಲಿನ ಒಳಗಿನ ನರ ಎಂಡೋದೋರಿಗೆ, ಸೊಟ್ಟ ಇದ್ರೆ ಆರ್ಥೋ, ಹಲ್ಲೇ ಇಲ್ದಿದ್ರೆ ಪ್ರಾಸ್ತೋ, ಕೀಳೋದು ಕೊಯ್ಯೋದು ಓರಲ್ ಸರ್ಜನ್ನು, ಮಕ್ಕಳದ್ದು ಪೀಡೋ, ಎಕ್ಸ್‌ರೇ ನೋಡೋರು ಬೇರೆ, ಮೈಕ್ರೋಸ್ಕೋಪಲ್ಲಿ ನೋಡೋರು ಬೇರೆ, ಇನ್ನು ಕಾಲುವೆ ಕೊನೇಲಿ ನೀರು ಬರದಿರೋ ಪಾಲು ಪಬ್ಲಿಕ್ ಹೆಲ್ತ್‌ನೋರದ್ದು, ಊರೂರಲ್ಲಿ ಕ್ಯಾಂಪ್ ಮಾಡೋದು. ಹಲ್ಲಿಗೆ ಸರ್ವೆ ನಂಬರ್ ಕೂಡ ಇದೆ, ತಮಾಷೆ ಅಲ್ಲ. ನನಗೊಬ್ರು "ನಿಮ್ಮ 46 ಹಾಳಾಗಿದೆ" ಅಂದಾಗ, ಸಾರ್ ಮನುಷ್ಯನಿಗೆ ಇರೋದೇ 32 ಅಲ್ವಾ ಅಂತ ಜಗಳಕ್ಕೇ ನಿಂತಿದ್ದೆ. ಬಾಯಿನ ನಾಲ್ಕು ಭಾಗ ಮಾಡಿ ಮೊದಲ ಅಂಕಿ ಯಾವ ಭಾಗ, ಎರಡನೇ ಅಂಕಿ ಮಧ್ಯದಿಂದ ಎಷ್ಟನೇದು ಅಂತ ಹೇಳೋದಂತೆ, ಹಂಗಾಗಿ 11ರಿಂದ ಶುರುವಾಗಿ 48ಕ್ಕೆ ಮುಗಿಯುತ್ತೆ, 19, 20 ಇರೋದೇ ಇಲ್ಲ. ನಮ್ಮ ಪಹಣೀಲೂ ಇಂಥ ಮಾಯವಾದ ನಂಬರ್ ಬೇಕಾದಷ್ಟಿದೆ, ಬಿಡಿ.

ಕಲ್ಕತ್ತಾದಲ್ಲಿ ಡಾ. ರಫೀಉದ್ದೀನ್ ಅಹ್ಮದ್ ದೇಶದ ಮೊದಲ ಡೆಂಟಲ್ ಕಾಲೇಜು ಶುರು ಮಾಡಿದ್ದು 1920ರಲ್ಲಿ. ಬೆಂಗಳೂರಿಗೆ ಸರ್ಕಾರಿ ಡೆಂಟಲ್ ಕಾಲೇಜು ಬಂದಿದ್ದು 1958ರಲ್ಲಿ. ಈಗ ದೇಶದಲ್ಲಿ 300ಕ್ಕಿಂತ ಜಾಸ್ತಿ ಇವೆ. ಎಷ್ಟು ಜಾಸ್ತಿ ಅಂದ್ರೆ 2020-21ರಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಬಿದ್ದು, ನೀಟ್ ಕಟ್‌ಆಫ್ 10 ಪರ್ಸೆಂಟೈಲ್ ಇಳಿಸಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ಒಳಗೆ ಹೋಗೋಕೆ ಹುಡುಗರಿಲ್ಲ, ಹೋದ ಹುಡುಗರಿಗೆ ಪೇಷೆಂಟಿಲ್ಲ. ಹೊರಗೆ ಬಂದೋರು ಎಲ್ಲಿ ಹೋಗ್ತಾರೆ? ನಮ್ಮ ಕುವೆಂಪುನಗರಕ್ಕೆ ಬರ್ತಾರೆ. ನಮ್ಮ ಮನೆಯಿಂದ ಹಾಲಿನ ಬೂತಿಗೆ ಹೋಗೋ ಅಷ್ಟರಲ್ಲಿ ನಾಲ್ಕು ಕ್ಲಿನಿಕ್ಕು, ನಾಲ್ಕೂ ಮಲ್ಟಿ ಸ್ಪೆಷಾಲಿಟಿ, ನಾಲ್ಕರಲ್ಲೂ ಒಂದೊಂದೇ ಕುರ್ಚಿ. ಸ್ಪೆಷಲಿಸ್ಟ್ ಅಂದ್ರೆ ಒಬ್ರೇ, ಸ್ಕೂಟರ್ ಮೇಲೆ ಬ್ಯಾಗ್ ಇಟ್ಕೊಂಡು ಸೋಮವಾರ ಇಲ್ಲಿ ಮಂಗಳವಾರ ಅಲ್ಲಿ, ಗ್ಯಾಸ್ ಸ್ಟವ್ ರಿಪೇರಿಯೋರ ಥರ. ಸ್ವಂತ ಕ್ಲಿನಿಕ್ ಹಾಕೋಕೆ ಆಗದ ನಮ್ಮ ಹುಡುಗಿಯ ಸೀನಿಯರ್ ಒಬ್ಬಳು ಇನ್ನೊಬ್ಬರ ಹತ್ರ ಹದಿನೈದು ಸಾವಿರಕ್ಕೆ ಕೆಲಸ ಮಾಡಿ ಸಾಕಾಗಿ ಈಗ ಮೆಡಿಕಲ್ ಕೋಡಿಂಗ್ ಸೇರ್ಕೊಂಡಿದ್ದಾಳೆ, ಅಮೆರಿಕದೋರ ಇನ್ಶೂರೆನ್ಸ್ ಬಿಲ್ಲಿಗೆ ನಂಬರ್ ಹಾಕೋದು. ಐದು ವರ್ಷ ಹಲ್ಲಿಗೆ ನಂಬರ್ ಹಾಕಿದ್ದು ವೇಸ್ಟ್ ಆಗಲಿಲ್ಲ ಅಂತ ಅವರಪ್ಪ ಸಮಾಧಾನ ಮಾಡ್ಕೊಂಡಿದ್ದಾರೆ.

ಕಾಲೇಜಿಗೆ ಪೇಷೆಂಟ್ ಬರ್ತಾರಾ ಅಂತ ನೋಡೋಕೆ ಬರೋ ಇನ್ಸ್‌ಪೆಕ್ಷನ್ ಕಥೆ ಹೇಳದಿದ್ರೆ ತಾತ ಬೇಜಾರು ಮಾಡ್ಕೋತಾರೆ, ಯಾಕಂದ್ರೆ ಅದರಲ್ಲಿ ಅವರೇ ಹೀರೋ. ಯಾವ ಕಾಲೇಜು ಅಂತ ಅವರಿಗೂ ಗೊತ್ತಿಲ್ಲ, ಬಸ್ ಕಲರ್ ಮಾತ್ರ ನೆನಪಿದೆ. ಊರಿಗೆ ಬ್ಯಾನರ್ ಕಟ್ಟಿದ ಬಸ್ ಬಂತು, ಉಚಿತ ದಂತ ತಪಾಸಣೆ, ಊಟದ ವ್ಯವಸ್ಥೆ ಇದೆ. ಅರಳಿಕಟ್ಟೆ ಮೇಲಿದ್ದೋರೆಲ್ಲ ಹತ್ತಿದ್ರು. ಅಲ್ಲಿ ಹೋದ್ರೆ ಒಬ್ಬೊಬ್ಬರಿಗೂ ಕಾರ್ಡು, ಉದ್ದ ಬೆಂಚು. ಮಧ್ಯಾಹ್ನ ಸೂಟ್ ಹಾಕಿದ ನಾಲ್ಕು ಜನ ಬಂದು ತಲೆ ಎಣಿಸ್ಕೊಂಡು ಹೋದ್ರು. ಆಮೇಲೆ ತಾತನ್ನ ಮೇಲಿನ ಫ್ಲೋರಿಗೆ ಕರ್ಕೊಂಡು ಹೋಗಿ ಇನ್ನೊಂದು ಕಾರ್ಡ್ ಕೊಟ್ಟು ಇನ್ನೊಂದು ಬೆಂಚಲ್ಲಿ ಕೂರಿಸಿದ್ರು. ಸಂಜೆ ಹೊತ್ತಿಗೆ ಮೂರು ಕಾರ್ಡು, ಒಂದು ಟೂತ್‌ಬ್ರಶ್ಶು, ಒಂದು ಚಿಕ್ಕ ಪೇಸ್ಟು. ಬಾಯಿ ಮಾತ್ರ ಯಾರೂ ನೋಡಲಿಲ್ಲ. "ಬ್ರಸ್ಸು ಏನ್ಮಾಡಿದ್ರಿ ತಾತಾ" ಅಂದ್ರೆ, ಸೈಕಲ್ ಚೈನ್ ಉಜ್ತೀನಿ, ಬೋ ಚೆಂದಾಗದೆ ಅಂದ್ರು.

ಹಂಗಂತ ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಅನ್ನಭಾಗ್ಯದ ಹಿಂದೇನೇ ದಂತಭಾಗ್ಯ ಅಂತ ತಂದು, ಬಿಪಿಎಲ್ ಕಾರ್ಡಿನ ಹಿರಿಯರಿಗೆ ಡೆಂಟಲ್ ಕಾಲೇಜುಗಳಲ್ಲಿ ಫ್ರೀಯಾಗಿ ಹಲ್ಲಿನ ಸೆಟ್ ಅಂತ ಮಾಡಿತ್ತು. ಸ್ಕೀಮ್ ಒಳ್ಳೇದೇ. ಆದ್ರೆ ನಮ್ಮೂರಲ್ಲಿ ಅದರ ಬಗ್ಗೆ ಕೇಳಿದೋರೇ ನನಗೆ ಸಿಗಲಿಲ್ಲ. ಅಂದ್ರೆ ಮೈಸೂರಲ್ಲಿ ಬೊಚ್ಚುಬಾಯಿ ಸಿಗ್ತಿಲ್ಲ ಅಂತ ಹುಡುಗರು ಅಳ್ತಿದ್ದಾರೆ, ಮೂವತ್ತು ಕಿಲೋಮೀಟರ್ ಆಚೆ ಕಟ್ಟೆ ತುಂಬ ಬೊಚ್ಚುಬಾಯಿಗಳು ಕೂತು ಎಲೆಅಡಿಕೆ ಕುಟ್ಟಿಸ್ಕೊಂಡು ಹಾಕ್ಕೋತಿದ್ದಾರೆ.

ಕೊನೆಗೂ ತಾತನ ಸೆಟ್ ಬಂತು. ಹುಡುಗಿ ಪಾಸಾಗೋ ಥರ ಮಾರ್ಕ್ಸ್ ಬಂತು ಅಂತ ಸ್ವೀಟ್ ಹಂಚಿದ್ಲು. ತಾತ ಅದನ್ನ ಮದುವೆಗೆ, ಓಟಿಗೆ, ಫೋಟೋಗೆ ಹಾಕ್ಕೋತಾರೆ, ಊಟಕ್ಕೆ ಕೂತಾಗ ತೆಗೆದು ಲೋಟಕ್ಕೆ ಹಾಕಿ ಪಕ್ಕಕ್ಕಿಡ್ತಾರೆ, ಮುದ್ದೆಗೆ ಅಡ್ಡ ಬರುತ್ತಂತೆ.

ಮೊನ್ನೆ ಗೊತ್ತಿಲ್ಲದ ನಂಬರಿಂದ ಫೋನು. ನಮ್ಮ ಹುಡುಗಿಯ ಜೂನಿಯರ್ರು. ಬಹಳ ಮರ್ಯಾದೆಯಿಂದ, "ಅಂಕಲ್, ತಾತನ ಸೆಟ್ ಏನಾದ್ರೂ ಕಳೆದುಹೋಗಿದ್ಯಾ? ಬಿದ್ದು ಒಡೆದುಹೋಗಿದ್ರೂ ಪರವಾಗಿಲ್ಲ" ಅಂತ ಕೇಳ್ದ. ನಾನು ಫೋನ್ ಕೈಯಲ್ಲಿ ಮುಚ್ಕೊಂಡು ತಾತನಿಗೆ ಹೇಳಿದೆ. ಅವರು ಬಾಯಿಂದ ಮೇಲಿನದ್ದೂ ಕೆಳಗಿನದ್ದೂ ಬಿಚ್ಚಿ, ಪಂಚೆಗೆ ಒರೆಸಿ, ಟ್ರಂಕಿಗೆ ಹಾಕಿ ಬೀಗ ಜಡಿದು ಬಂದ್ರು.

"ಹಲ್ಲೇ ಇಲ್ಲ ಅನ್ಲಾ. ದ್ವಾಸೆ ಬ್ಯಾಡ ಈ ಕಿತ, ಕಾಲ್‌ಸೂಪ್ ಕೊಡುಸ್ತಾನಾ ಕೇಳು."