ಬೋರ್ಡು ಹೋದರೂ ಬಸ್ಸು ಉಂಟು

ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಸ್ಟಾರ್ಟ್ ಮೆನುವನ್ನು ಯಾರಾದರೂ ಹೊಗಳಿದ್ದು ನಾನು ಕೇಳಿಲ್ಲ. 1995ರಲ್ಲಿ ವಿಂಡೋಸ್ 95ರ ಜೊತೆ ಬಂದು ಪರದೆಯ ಮೂಲೆ ಹಿಡಿದು ಕೂತಿತು. ಅದರ ಸುದ್ದಿ ಏಳುವುದು ಒಳಗಿನ ಹೆಸರುಗಳು ಕಾಣೆಯಾದಾಗ ಮಾತ್ರ.

ಕಾಸರಗೋಡಿನ ನೀರ್ಚಾಲಿನ ಹತ್ತಿರದ ನನ್ನ ಮಾವನ ಮನೆಯಲ್ಲಿ ಹಾಗೇ ಆಯಿತು. ಅವರ ಅಡಿಕೆ ತೋಟದ ಲೆಕ್ಕ ಎಕ್ಸೆಲ್‌ನಲ್ಲಿ, ಜಾತ್ರೆಯ ಆಮಂತ್ರಣ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ. ಎರಡೂ ಮೆನುವಿನಿಂದ ಮಾಯ. "ಎಂತದೂ ಕಾಣುದಿಲ್ಲ ಮಾರಾಯ, ಎಲ್ಲ ಹೋಯ್ತು" ಅಂತ ಫೋನು ಬಂತು. ಪೇಟೆಯ ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು, ಅಂದರೆ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕು ಅಂದರಂತೆ. ಇಂಥ ಅಂಗಡಿಗಳಲ್ಲಿ ಮೊದಲು ಬರುವ ಮಾತೇ ಅದು.

ಹೋದದ್ದು ಪ್ರೋಗ್ರಾಂ ಅಲ್ಲ, ಶಾರ್ಟ್‌ಕಟ್. ಅದೊಂದು ಪುಟ್ಟ ಫೈಲು. ಪ್ರೋಗ್ರಾಂ ಎಲ್ಲಿದೆ ಅಂತ ತೋರಿಸುವುದಷ್ಟೇ ಅದರ ಕೆಲಸ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೂ ಬಸ್ಸು ಬದಿಯಡ್ಕಕ್ಕೆ ಹೋಗಿಯೇ ಹೋಗುತ್ತದಲ್ವಾ? ಮಲಯಾಳ ಓದಲು ಬಾರದ ಅಜ್ಜಿಯಂದಿರು ಬಸ್ಸಿನ ಗುರುತು ಹಿಡಿದು ಹತ್ತುತ್ತಾರೆ, ಇಲ್ಲವೇ ಕಂಡಕ್ಟರನ್ನು ಕೇಳುತ್ತಾರೆ. ಆದರೆ ಹೊಸಬ ಸುಮ್ನೆ ನಿಂತೇ ಇರಬೇಕು.

"ಮಾವ, ಏನೂ ಹೋಗಲಿಲ್ಲ, ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ" ಅಂತ ಹೇಳಿ ಭಾನುವಾರ ಹೋದೆ. ಮೊದಲು ಅಳಿಸಿದ ಫೈಲುಗಳು ಹೋಗಿ ಬೀಳುವ ರೀಸೈಕಲ್ ಬಿನ್ ನೋಡಿದೆ, ಅಲ್ಲಿರಲಿಲ್ಲ. ಶಾರ್ಟ್‌ಕಟ್‌ಗಳು ಎರಡು ಕಡೆ ಇರುತ್ತವೆ. ಕಂಪ್ಯೂಟರ್ ಬಳಸುವ ಎಲ್ಲರಿಗೂ ಸೇರಿದವು ಸಿ ಡ್ರೈವಿನ ಪ್ರೋಗ್ರಾಮ್‌ಡೇಟಾ ಅನ್ನುವ ಫೋಲ್ಡರಿನ ಆಳದಲ್ಲಿ. ಒಬ್ಬೊಬ್ಬರದೇ ಆದವು ಅವರವರ ಆ್ಯಪ್‌ಡೇಟಾದಲ್ಲಿ. ಎರಡೂ ಮಾಮೂಲಿಯಾಗಿ ಕಣ್ಣಿಗೆ ಬೀಳದ ಫೋಲ್ಡರುಗಳು. ವಿಂಡೋಸ್ ಕೀ ಜೊತೆ ಆರ್ ಒತ್ತಿ, shell:common programs ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಮೊದಲನೆಯದು ನೇರ ತೆರೆಯುತ್ತದೆ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಮೂಲ ಫೈಲನ್ನು ಹುಡುಕಿ, ಅದರ ಮೇಲೆ ಮೌಸಿನ ಬಲಗಡೆಯ ಬಟನ್ ಒತ್ತಿ, ಹೊಸ ಶಾರ್ಟ್‌ಕಟ್ ಮಾಡಿ ಅಲ್ಲಿ ತಂದು ಹಾಕಿದರೆ ಆಯಿತು. ಕಾಫಿ ಆರುವ ಮೊದಲು ಮುಗಿಯುವ ಕೆಲಸ.

ದೊಡ್ಡ ದೊಡ್ಡ ಆಫೀಸುಗಳಿಗೂ ಇದು ತಪ್ಪಿದ್ದಲ್ಲ. 2023ರ ಜನವರಿ 13ರಂದು, ವೈರಸ್ಸುಗಳಿಂದ ಕಾಯುವ ಮೈಕ್ರೋಸಾಫ್ಟ್ ಡಿಫೆಂಡರ್‌ನ ಒಂದು ಅಪ್‌ಡೇಟ್ ಒಳ್ಳೆಯ ಶಾರ್ಟ್‌ಕಟ್‌ಗಳನ್ನೇ ಅಪಾಯ ಅಂದುಕೊಂಡು ಅಳಿಸಿಹಾಕಿತು. ಒಂದು ಭದ್ರತಾ ನಿಯಮ ಹಾಕಿಕೊಂಡಿದ್ದ ಕಂಪ್ಯೂಟರುಗಳಲ್ಲಿ ಹೀಗಾಯಿತು. ಕಾವಲಿನವನೇ ಮಾಡಿದ ಕೆಲಸ! ಆಮೇಲೆ ಕಂಪನಿ ಅವನ್ನು ಮತ್ತೆ ಮಾಡಿಕೊಡುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ ಒಂದನ್ನು ಕೊಟ್ಟಿತು. ಅದೂ ಜಾಸ್ತಿ ಬಳಕೆಯಲ್ಲಿರುವ ಪ್ರೋಗ್ರಾಂಗಳಿಗೆ. ಉಳಿದವನ್ನು ಅವರವರೇ ಹುಡುಕಿಕೊಳ್ಳಬೇಕು. ಗಡಿಯಲ್ಲಿರುವ ನಮಗೆ ಇದೇನು ಹೊಸ ಅನುಭವ ಅಲ್ಲ.

ಈಗಿನ ಹುಡುಗರು ಕೇಳುತ್ತಾರೆ, ಮೆನು ಯಾಕೆ, ಹೆಸರು ಟೈಪ್ ಮಾಡಿದರೆ ಸಿಗುವುದಿಲ್ಲವಾ ಅಂತ. ಸಿಗುತ್ತದೆ, ಹೆಸರು ಗೊತ್ತಿದ್ದರೆ. ಮಾವನಿಗೆ ಎಕ್ಸೆಲ್ ಅಂದರೆ "ಮೇಲಿನಿಂದ ಮೂರನೆಯ ಹಸಿರು". ಹೆಸರು ನೆನಪಿಲ್ಲದವರಿಗೂ ಇಲ್ಲಿ ಏನೇನುಂಟು ಅಂತ ಹೇಳುವುದು ಮೆನು ಒಂದೇ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನನ್ನೇ ತೆಗೆದಾಗ ಜನ ಸುಮ್ಮನಿರಲಿಲ್ಲ. ಮರುವರ್ಷ ಬಟನ್ ಬಂತು, 2015ರಲ್ಲಿ ವಿಂಡೋಸ್ 10ರ ಜೊತೆ ಮೆನುವೂ ಬಂತು. ಬೈದ ಜನ ಮಾಡಿದ್ದು ಸರಿ ಅಂತಲೇ ನನ್ನ ಲೆಕ್ಕ.

ಶಾರ್ಟ್‌ಕಟ್‌ಗೆ ಯಾವ ಹೆಸರು ಕೊಟ್ಟರೂ ಅದು ದಾರಿ ತಪ್ಪುವುದಿಲ್ಲ. ಇದು ಗೊತ್ತಾದದ್ದೇ ಮಾವ ಬಿಡಲಿಲ್ಲ. ಎಕ್ಸೆಲ್‌ಗೆ "ತೋಟದ ಲೆಕ್ಕ", ನುಡಿಗೆ "ಕಾಗದ ಪತ್ರ" ಅಂತ ಕನ್ನಡದಲ್ಲೇ ಬರೆಸಿದರು. ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳೆಲ್ಲ ಮುಗಿದ ಮೇಲೆ ಅವೆರಡೂ ಕಟ್ಟಕಡೆಗೆ ಹೋಗಿ ಕೂತವು. ಮೇಲೆ ತರಲಾ ಅಂತ ಕೇಳಿದೆ.

"ಬೇಡ ಮಾರಾಯ, ಅಲ್ಲೇ ಇರಲಿ. ಒಮ್ಮೆಗೇ ಕೆಳಗೆ ಎಳೆದರೆ ಆಯ್ತಲ್ಲ" ಅಂದರು.